ಪಿಂಗ್‌ಪಾಂಗಿನ ಪಂಚ, ಸವದತ್ತಿಯ ಅಳಿಯ

ಆಡುವವರು ಇಬ್ಬರೇ ಇದ್ದರೂ ಜಗಳಾಡಲು ಊರೆಲ್ಲ ಇರುತ್ತದೆ. ಇಂಥ ಕಡೆ ಪಂಚನಾಗಿ ನಡುವೆ ನಿಂತವನ ಗತಿ ಏನಾಗುತ್ತದೆಂದು ನನ್ನನ್ನು ಕೇಳಬೇಕು. ಆಗ ನಾನು ಬೈಲಹೊಂಗಲದ ವಕೀಲರೊಬ್ಬರ ಕಾರಕೂನ. ವಿಲಾಯತಿಯಲ್ಲಿ ಹೊಸದಾಗಿ ಹುಚ್ಚೆಬ್ಬಿಸಿದ್ದ ಪಿಂಗ್‌ಪಾಂಗ್ ಆಟ ಮುಂಬಯಿಗೆ ಬಂತು, ಅಲ್ಲಿಂದ ನೇರವಾಗಿ ನಮ್ಮ ವಕೀಲರ ಪಡಸಾಲೆಗೆ ಬಂತು. ಮೇಜಿನ ನಡುವೆ ಗೇಣುದ್ದದ ಬಲೆ, ಉಫ್ ಎಂದರೆ ಹಾರುವ ಟೊಳ್ಳು ಚೆಂಡು, ಹಲಗೆ ವಾದ್ಯದಂತೆ ಚರ್ಮ ಬಿಗಿದ ಎರಡು ಬ್ಯಾಟು. ಇಷ್ಟೇ ಸರಂಜಾಮು.

ನಮ್ಮ ಕಡೆಯವರಿಗೆ ಪಂದ್ಯವೆಂದರೆ ಕುಸ್ತಿ. ಹಾಗಾಗಿ ಈ ಆಟಕ್ಕೂ ಅವರು ಕುಸ್ತಿಯ ಕಾಯಿದೆಯನ್ನೇ ಹಚ್ಚಿದರು. ಹೆಸರಿಗೆ ಪಂಚ ನಾನು. ಆದರೆ ಕೊನೆಯ ಮಾತು ಗರಡಿಯಲ್ಲಿ ಕುಸ್ತಿ ಕಲಿಸುವ ಮುದಿ ವಸ್ತಾದರದು.

ಆಳಿಲ್ಲದ ಮನೆ

ಮೊದಲ ದಿನ ವಕೀಲರು ಗೆಳೆಯರೊಬ್ಬರ ಜೊತೆ ಆಡುತ್ತಿದ್ದರು. ಗೆಳೆಯರು ಬಲಕ್ಕಿದ್ದರು, ವಕೀಲರು ಚೆಂಡನ್ನು ಎಡಕ್ಕೆ ಹೊಡೆದು ಗೆದ್ದರು. ಚಪ್ಪಾಳೆ ಬಂದೀತೆಂದು ತಿರುಗಿ ನೋಡಿದರೆ ಎಲ್ಲರ ಮುಖ ಗಂಟು.

"ಸಾಹೇಬರ, ಇದೇನ್ ನ್ಯಾಯಾರಿ?" ಎಂದರು ವಸ್ತಾದರು. "ಮನಶ್ಯಾ ಬಲಕ್ಕ ನಿಂತಾನ, ನೀವು ಎಡಕ್ಕ ಹಾಕತೀರಿ. ಆಳಿಲ್ಲದ ಮನಿಗಿ ನುಗ್ಗಿದಂಗ ಆತಲ್ಲ!"

"ವಸ್ತಾದರ, ಆಟ ಇರೋದೇ ಹಾಂಗ" ಎಂದು ವಕೀಲರು ಎಷ್ಟು ಹೇಳಿದರೂ ಮಂದಿ ಒಪ್ಪಲಿಲ್ಲ. ಕಡೆಗೆ ಒಂದು ತೀರ್ಮಾನವಾಯಿತು. ಹೊಡೆಯುವ ಮೊದಲು ಯಾವ ಕಡೆಗೆ ಎಂದು ಕೂಗಿ ಹೇಳಬೇಕು. ವಕೀಲರು "ಎಡಕ್ಕ ಬಂತು!" ಎಂದು ಕೂಗಿದರು, ಬಲಕ್ಕೆ ಹೊಡೆದರು.

ಪಡಸಾಲೆ ಎರಡು ಪಾಲಾಯಿತು. ಇದು ಶುದ್ಧ ಮೋಸ ಎಂದರು ಕೆಲವರು. ಅಲ್ಲ, ಡಾವು ಎಂದರು ಉಳಿದವರು. ಡಾವು ಎಂದರೆ ಪೈಲವಾನ ಹಾಕುವ ಪಟ್ಟು, ಅದಕ್ಕೆ ಯಾರದೂ ತಕರಾರಿಲ್ಲ. ಎಲ್ಲರೂ ವಸ್ತಾದರ ಕಡೆ ನೋಡಿದರು. ಅವರು ಮೀಸೆ ನೀವಿಕೊಂಡರು.

"ಬ್ಯಾರೆಯವರು ಅಂದಿದ್ರ ಮೋಸಾನ. ಆದ್ರ ಇವರು ವಕೀಲರು. ಬಾಯಿ ಇವರ ಹತ್ಯಾರಾ. ಹತ್ಯಾರಾ ನಡಸಬ್ಯಾಡ ಅಂತ ಹೆಂಗ ಹೇಳೂದು?"

ಮಾವನ ಶಪಥ

ಸುದ್ದಿ ಸವದತ್ತಿಗೂ ಮುಟ್ಟಿತು. ಅವರೂ ಮೇಜು ಹಾಕಿದರು. ವಕೀಲರನ್ನು ಸೋಲಿಸಲು ಬೆಳಗಾವಿ ಕ್ಯಾಂಪಿನಿಂದ ಒಬ್ಬ ಸಂಬಳದ ಆಟಗಾರನನ್ನೇ ಕರೆಸಿ ಇಟ್ಟುಕೊಂಡರು. ಅಲ್ಲಿಯ ಮಂದಿಗೆಲ್ಲ ಮುಂದಾಳು ನನ್ನ ಮಾವ, ಅಂದರೆ ನನ್ನ ಹೆಂಡತಿಯ ತಂದೆ. ದಿನವಿಡೀ ನಶ್ಯ ಏರಿಸಿದರೂ ಒಂದು ಸೀನು ಸೀನದ ಮೂಗು ಅವರದು. "ಸೀನಾವ ನಶ್ಯ ಏರಿಸಬಾರದು" ಎಂದು ಕಂಡಕಂಡವರಿಗೆ ಹೇಳುತ್ತಿದ್ದರು.

ಆಗ ನನ್ನ ಹೆಂಡತಿ ಬಾಣಂತನಕ್ಕೆಂದು ತವರಲ್ಲಿದ್ದಳು. ಮೊದಲ ಪಂದ್ಯದಲ್ಲಿ ಅವರ ಆಟಗಾರನ ಚೆಂಡು ಮೇಜು ಬಿಟ್ಟು ಆಚೆ ಬಿತ್ತೆಂದು ನಾನು ತೀರ್ಪು ಕೊಟ್ಟೆ, ಸವದತ್ತಿ ಸೋತಿತು. ಕೂಸು ನೋಡಲು ಹೋದರೆ ಮಾವ ಬಾಗಿಲಲ್ಲೇ ನಿಂತಿದ್ದರು.

"ಅಳಿಯಂದ್ರ, ಕೂಸು ನೋಡ್ರಿ, ಊಟಾ ಮಾಡ್ರಿ. ಆದ್ರ ನಮ್ಮೂರು ಗೆಲ್ಲೂತನಕಾ ಮಗಳನ್ನ ಕಳಸಂಗಿಲ್ಲ."

"ಮಾವಾರ, ಚೆಂಡು ಖರೇನ ಹೊರಗ ಬಿದ್ದಿತ್ತರಿ."

"ಹೌದು, ನಾನೂ ನೋಡೇನಿ. ಅಳಿಯಾ ಆದಾವ ನೋಡಬಾರದಾಗಿತ್ತು."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಕೂಸಿಗೆ ಹಲ್ಲು ಬಂದವು, ಹೆಂಡತಿ ಬರಲಿಲ್ಲ. ಮನೆಯಲ್ಲಿ ನಾನೇ ಬಡಿದ ರೊಟ್ಟಿಯನ್ನು ನಾನೇ ತಿನ್ನುವ ಪಾಡು. ಅವಳ ನೆನಪಾಗಿ ಎಷ್ಟೋ ಸಲ ಕಣ್ಣಲ್ಲಿ ನೀರು ಬರುತ್ತಿತ್ತು. ಹೊಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕಿತ್ತೂರಿನ ಹಲಗೆ

ಎರಡನೆಯ ಪಂದ್ಯ ಕಿತ್ತೂರಿನಲ್ಲಿ ಆಯಿತು. ಶ್ರಾವಣದ ಜಿಟಿಜಿಟಿ, ಬ್ಯಾಟಿನ ಚರ್ಮವೆಲ್ಲ ತಣ್ಣಗಾಗಿ ಸಡಿಲಾಗಿತ್ತು. ಹೊಡೆದರೆ ಟಣ್ ಅನ್ನುವ ಬದಲು ಥಪ್ ಅನ್ನುತ್ತಿತ್ತು. ಪಂದ್ಯ ಅಂದಮೇಲೆ ಹಲಗೆ ಬಾರಿಸುವವನೂ ಬಂದಿದ್ದ. ಅವನು ತನ್ನ ಹಲಗೆಯನ್ನು ಕಾಸುತ್ತಿದ್ದ ಹುಲ್ಲಿನ ಬೆಂಕಿಗೇ ನಮ್ಮ ವಕೀಲರ ಬ್ಯಾಟನ್ನೂ ಹಿಡಿದು ಬಿಗಿ ಮಾಡಿಕೊಟ್ಟ.

"ಮೋಸಾ!" ಎಂದು ಮಾವ ಹಾರಿ ಬಿದ್ದರು. "ಪೈಲವಾನ ಮೈ ಕಾಸಿಕೊಂಡು ಇಳೀತಾನೇನು?"

"ಹಂಗಾದ್ರ ನಿಮ್ಮದೂ ಕಾಸ್ರಿ" ಎಂದು ನಾನು ತೀರ್ಪು ಕೊಟ್ಟೆ. ಬೇರೆಯವರ ಕೈಗೆ ಬ್ಯಾಟು ಕೊಡಲು ಮಾವನಿಗೆ ನಂಬಿಕೆ ಇಲ್ಲ. ಬೆಂಕಿಯ ಮುಂದೆ ತಾವೇ ಕುಳಿತರು. ಕುಳಿತವರು ಸುಮ್ಮನೆ ಕಾಸಬೇಕಿತ್ತು. ನನ್ನ ಕಡೆ ತಿರುಗಿ ಬೈಯತೊಡಗಿದರು. ಬೈಗುಳ ಮುಗಿಯುವಷ್ಟರಲ್ಲಿ ಚರ್ಮ ಢಬ್ ಎಂದು ಹರಿಯಿತು.

ಬೇರೆ ಬ್ಯಾಟು ಇರಲಿಲ್ಲ. ಹಲಗೆಯವನು ಮರುಗಿ ತನ್ನ ಹಲಗೆಯನ್ನೇ ಕೊಟ್ಟ. ಸವದತ್ತಿಯ ಆಟಗಾರ ಅದನ್ನು ಎರಡೂ ಕೈಯಲ್ಲಿ ಹಿಡಿದು ಆಡಿದ. ಒಂದೊಂದು ಹೊಡೆತಕ್ಕೂ ಢಣ್, ಢಣ್! ಹಲಗೆಯ ಸಪ್ಪಳ ಕೇಳಿ, ಕುಸ್ತಿ ಶುರುವಾಯಿತೆಂದು ಇಡೀ ಕಿತ್ತೂರು ಅಖಾಡಕ್ಕೆ ಒಡೆಯಲು ತೆಂಗಿನಕಾಯಿ ಹಿಡಿದುಕೊಂಡು ಓಡಿ ಬಂತು. ಒಬ್ಬ ಮುದುಕ ಮುಂದೆ ನುಗ್ಗಿ, ನಮ್ಮ ವಕೀಲರನ್ನು ಕೋಟಿನಿಂದ ಚಪ್ಪಲಿಯವರೆಗೆ ನೋಡಿ ನನ್ನನ್ನು ಕೇಳಿದ.

"ಪಂಚರ, ಇಬ್ಬರೂ ಇನ್ನೂ ಅಂಗಿ ಯಾಕ ಬಿಚ್ಚಿಲ್ಲ?"

ಕೊನೆಯ ಚೆಂಡು

ಅಲ್ಲಿಯೂ ಸವದತ್ತಿ ಸೋತಿತು. ಮೂರನೆಯ ಪಂದ್ಯವನ್ನು ಮಾವ ತಮ್ಮ ಮನೆಯ ಪಡಸಾಲೆಯಲ್ಲೇ ಇಟ್ಟರು. ತೊರಗಲ್, ರಾಮದುರ್ಗದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಮಂದಿ ಬಂದಿದ್ದರು. ಅಡುಗೆಮನೆಯ ಬಾಗಿಲ ಮರೆಯಲ್ಲಿ ಕೂಸನ್ನು ಎತ್ತಿಕೊಂಡು ನನ್ನ ಹೆಂಡತಿ ನಿಂತಿದ್ದಳು. ಈ ಸಲವೂ ಸವದತ್ತಿ ಸೋತರೆ ಮಗನನ್ನು ಇಲ್ಲೇ ಸಾಲೆಗೆ ಹಾಕುತ್ತಾರೆಂದು ನನಗೆ ಹೆದರಿಕೆ.

ಅವತ್ತು ಒಂದು ವಿಚಿತ್ರ ನಡೆಯಿತು. ಮಾವ ಜಗಳಕ್ಕೆ ಬಾಯಿ ತೆರೆದಾಗಲೆಲ್ಲ ಸೀನು ಬರುತ್ತಿತ್ತು. "ಅಳಿಯಾ, ಇದು ಮೋ..." ಎಂದರೆ ಆಕ್ಷಿ. "ಚೆಂಡು ಬಲಿಗಿ ಹ..." ಎಂದರೆ ಆಕ್ಷಿ. ಸಮಾಧಾನಕ್ಕೆಂದು ಮತ್ತಷ್ಟು ನಶ್ಯ ಏರಿಸುತ್ತಿದ್ದರು, ಮತ್ತಷ್ಟು ಸೀನುತ್ತಿದ್ದರು. ನಾನು ಜನ್ಮದಲ್ಲಿ ಮೊದಲ ಸಲ ನೆಮ್ಮದಿಯಿಂದ ಪಂಚನ ಕೆಲಸ ಮಾಡಿದೆ.

ಆಟ ಸರಿಸಮವಾಗಿ ಬಂತು. ಇನ್ನು ಒಂದೇ ಹೊಡೆತ, ಗೆದ್ದವನೇ ಗಂಡು. ಉಳಿದಿದ್ದ ಚೆಂಡೂ ಒಂದೇ. ವಕೀಲರು ಬಲವೆಲ್ಲ ಹಾಕಿ ಹೊಡೆದರು. ಚೆಂಡು ಬಲೆಯ ಅಂಚಿಗೆ ಬಡಿದು ನಡುವೆ ಒಡೆದು ಎರಡು ಹೋಳಾಯಿತು. ಒಂದು ಹೋಳು ನಮ್ಮ ಕಡೆ ಬೋರಲಾಗಿ ಬಿತ್ತು. ಇನ್ನೊಂದು ಸವದತ್ತಿ ಕಡೆ ಬೋಗುಣಿಯಂತೆ ಬಾಯಿ ಮೇಲೆ ಮಾಡಿ ಬಿತ್ತು.

ಮುಂಬಯಿಯವರು ಇದಕ್ಕೆ ಏನು ಕಾಯಿದೆ ಮಾಡಿದ್ದರೋ ನನಗೆ ಗೊತ್ತಿರಲಿಲ್ಲ. ವಸ್ತಾದರಿಗೆ ಗೊತ್ತಿತ್ತು. ಮೇಜಿಗೆ ಕಣ್ಣು ಹಚ್ಚಿ ನೋಡಿದರು.

"ಸವದತ್ತಿ ಹೋಳಿನ ಬೆನ್ನು ಮೇಜಿಗೆ ಹತ್ತೇತಿ. ಚಿತ್! ಪಂಚರ, ಹೇಳಿಬಿಡ್ರಿ."

ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದವನು ಸೋತ ಹಾಗೆ. ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅಷ್ಟರಲ್ಲಿ ಮಾವ ಮಂದಿಯನ್ನು ಸೀಳಿಕೊಂಡು ಬಂದರು, ಹೋಳಿನ ಮೇಲೆ ಬಗ್ಗಿದರು, "ಇದು ಮೋ..." ಎಂದು ಬಾಯಿ ತೆರೆದರು. ಆಕ್ಷಿ! ಹೋಳು ಎಗರಿ, ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು, ಬೋರಲಾಗಿ ಕೂತಿತು.

ವಸ್ತಾದರು ರುಮಾಲು ತೆಗೆದು ಕೈಯಲ್ಲಿ ಹಿಡಿದರು.

"ನನ್ನ ಜಲ್ಮದಾಗ ಚಿತ್ ಆದಾವ ತಿರುಗಿ ಎದ್ದಿದ್ದು ನೋಡಿದ್ದಿಲ್ಲ. ಇವನ ಗಂಡು! ಸವದತ್ತಿ ಗೆದ್ದೈತಿ."

"ಅದು ಸೀನಿಗೆ ಎದ್ದದರೀ!" ಎಂದು ವಕೀಲರು ಕೂಗಿದರು.

"ಯಾವುದಕ್ಕ ಎದ್ದಿ ಅಂತ ನಾ ಯಾವ ಪೈಲವಾನಗೂ ಕೇಳಿಲ್ಲರಿ" ಎಂದರು ವಸ್ತಾದರು. ಕ್ಷಣವೂ ತಡಮಾಡದೆ ನಾನು ಸವದತ್ತಿಯ ಕೈ ಎತ್ತಿಬಿಟ್ಟೆ.

ಮಾವ ಮೂಗು ಒರೆಸಿಕೊಳ್ಳುತ್ತ, ನಗುತ್ತ, ತಾವೇ ಗಾಡಿ ಹೂಡಿಸಿ ಮಗಳನ್ನು ಹತ್ತಿಸಿದರು. ಊರು ದಾಟಿದ ಮೇಲೆ ನಾನು ಹೆಂಡತಿಗೆ ಹೇಳಿದೆ, "ನಿಮ್ಮಪ್ಪನ ಸೀನು ನಮ್ಮ ಸಂಸಾರಾ ಉಳಿಸಿತು ನೋಡು."

"ಸೀನು ಸುಮ್ಮನ ಬರತೈತೇನ್ರಿ?" ಎಂದಳು. "ಮುಂಜಾನಿ ನಶ್ಯದ ಡಬ್ಬ್ಯಾಗ ಒಂದು ಚಿಟಿಕಿ ಬ್ಯಾಡಗಿ ಖಾರಾ ಕೂಡಿಸಿದ್ದೆ. ಅಪ್ಪಾ ಜಗಳಾ ತೆಗಿಯಾಕ ಆಗಬಾರದು, ಯಾರರೆ ಗೆಲ್ಲಲಿ, ನಾ ಗಾಡಿ ಹತ್ತಬೇಕು ಅಂತ ಅರಿವಿ ಗಂಟು ಕಟ್ಟಿ ಇಟ್ಟಿದ್ದೆ."

ಅವಳು ಕೂಸಿನ ತಲೆಯ ಕುಂಚಿಗೆ ಸರಿಮಾಡುತ್ತ ಓರೆಗಣ್ಣಿನಲ್ಲಿ ನೋಡಿದಳು.

"ಏನಂತೀರಿ ಪಂಚರ? ಇದು ಮೋಸಾನೋ, ಡಾವೋ?"

"ಮೊದಲ ಗಾಡಿ ಮಲಪ್ರಭಾ ದಾಟ್ಲಿ" ಎಂದೆ, "ಆಮ್ಯಾಲ ತೀರ್ಪು ಹೇಳತೇನಿ."