ನಾಲ್ಕು ಕೊಕ್ಕೆ, ಹನ್ನೆರಡು ಕರಡಿಗೆ

ಜೋಪಾನವಾಗಿ ಇಟ್ಟದ್ದು ಬೇಕಾದ ದಿನ ಸಿಕ್ಕಿತು ಎನ್ನುವುದು ನಮ್ಮ ಮನೆಯ ಚರಿತ್ರೆಯಲ್ಲೇ ಇಲ್ಲ. ಎಲ್ಲೋ ಬಿಸಾಡಿದ್ದಾದರೆ ಕಾಲಿಗೆ ಚುಚ್ಚಿಯಾದರೂ ಸಿಗುತ್ತದೆ. ಬಸ್ರೂರಿನ ಶಾಲೆಯಲ್ಲಿ ನಾನು ಮಾಸ್ತರ. ಸಂಜೆ ಮನೆಯ ಹಿಂದಿನ ಹಂಚಿನ ಮಾಡಿನಡಿ, ಕಾಲಲ್ಲಿ ಮೆಟ್ಟಿ ತಿರುಗಿಸುವ ಯಂತ್ರದಲ್ಲಿ ಮರ ಕಡೆಯುವುದು ನನ್ನ ಹವ್ಯಾಸ. ಕಡೆದು ಕಡೆದು ನಾನೆಂದೂ ಸುಸ್ತಾದವನಲ್ಲ. ಸುಸ್ತಾದದ್ದೆಲ್ಲ ಮೊಳೆ, ತಿರುಪು, ಕೊಕ್ಕೆಗಳನ್ನು ಇಟ್ಟು, ಆಮೇಲೆ ಹುಡುಕಿ.

ಅದೂ ಯುದ್ಧದ ಕಾಲ. ಅಂಗಡಿಯಲ್ಲಿ ಒಂದು ಮೊಳೆ ಕೇಳಿದರೆ ಚಿನ್ನ ಕೇಳಿದ ಹಾಗೆ ಮುಖ ನೋಡುತ್ತಿದ್ದರು. ಯುದ್ಧಕ್ಕೆ ಮೊದಲೇ ಮಂಗಳೂರಿನಿಂದ ತಂದ ಹಿತ್ತಾಳೆಯ ನಾಲ್ಕು ಕೊಕ್ಕೆಗಳು ನನ್ನಲ್ಲಿದ್ದವು. ಮಗಳಿಗೆ ಮಗುವಾದಾಗ ನಾನೇ ತೊಟ್ಟಿಲು ಕಡೆದು, ಮೂಲೆಗೊಂದು ಕೊಕ್ಕೆ ತಿರುಪಿ, ಹಗ್ಗ ಕಟ್ಟಿ ತೂಗಬೇಕು. ನನಗಿದ್ದದ್ದು ಅದೊಂದೇ ಆಸೆ.

೧. ಗೆರಟೆ

ಮೊದಲು ತೆಂಗಿನ ಗೆರಟೆಗಳನ್ನು ಸಾಲಾಗಿಟ್ಟು, ಅಳತೆಗೆ ಸರಿಯಾಗಿ ಮೊಳೆ ತುಂಬಿದೆ. ಖರ್ಚಿಲ್ಲ, ನೋಡಲೂ ಚಂದ. ಒಂದು ಬೆಳಿಗ್ಗೆ ಸೌದೆ ಹಸಿಯೆಂದು ಅಮ್ಮ ಅಷ್ಟನ್ನೂ ಬಾಚಿ ಬಚ್ಚಲ ಒಲೆಗೆ ಹಾಕಿದರು. ನಾನು ಕಾಣುವಾಗ ಹಂಡೆ ಕುದಿಯುತ್ತಿತ್ತು. ಬೂದಿ ಕೆದಕಿ ಒಂದೊಂದೇ ಮೊಳೆ ಹೆಕ್ಕುತ್ತ, ಇದೆಂತ ಮಾಡಿದೆ ಎಂದು ಕೇಳಿದೆ.

“ಗೆರ್ಟೆ ಒಲಿಗಲ್ದೆ ಮತ್ತೆಂತಕ್ಕೆ ಮಗಾ? ಹೋಯಿ ಮೀಯ್, ನೀರ್ ಲಾಯ್ಕ್ ಬಿಸಿ ಇತ್ತ್” ಎಂದರು ಅಮ್ಮ.

ಮಿಂದೆ. ಮತ್ತೆಂತ ಮಾಡುವುದು? ನೀರು ಲಾಯ್ಕೇ ಬಿಸಿಯಾಗಿತ್ತು.

೨. ಮಾದರಿ

ಒಲೆಗೆ ಹಾಕಲು ಯಾರಿಗೂ ಮನಸ್ಸು ಬಾರದಂಥದ್ದು ಬೇಕು ಎಂದು ಹನ್ನೆರಡು ಕರಡಿಗೆ ಕಡೆದೆ. ಎಲ್ಲವೂ ಕಿತ್ತಳೆ ಗಾತ್ರ, ಮುಚ್ಚಳ ಸಮೇತ ಒಂದೇ ಅಚ್ಚು. ಯಾವುದರಲ್ಲಿ ಏನಿದೆ ಎಂದು ಓದು ಬಾರದವರಿಗೂ ತಿಳಿಯಲಿ ಎಂದು, ಒಳಗಿರುವುದರದ್ದೇ ಒಂದೊಂದು ಮಾದರಿಯನ್ನು ಹೊರಗೆ ದಾರದಲ್ಲಿ ಕಟ್ಟಿದೆ. ಕೊಕ್ಕೆ ಇರುವುದೇ ನಾಲ್ಕು, ಹಾಗಾಗಿ ಅದಕ್ಕೆ ಮಾತ್ರ ಕಟ್ಟಲಿಲ್ಲ. ಉಪ್ಪುಗಾಳಿಗೆ ಹಿತ್ತಾಳೆ ಕಿಲುಬು ಹಿಡಿಯಬಾರದೆಂದು ಆ ಮುಚ್ಚಳದ ಸಂದಿಗೆ ಅರಗು ಹಾಕಿ, ಇಡೀ ಕರಡಿಗೆಗೆ ಕೆಂಪು ಅರಗಿನ ಹೊಳಪು ಕೊಟ್ಟೆ.

ತಿಂಗಳೊಳಗೆ ಒಂದರಲ್ಲೂ ಮಾದರಿಯಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಅವರಿಗೇ ಬೇಸರವಾಯಿತು.

“ಒಳ್ಗಿನದ್ ಮುಟ್ಲಿಲ್ಲೆ ಮಾಸ್ಟ್ರೆ. ಹೊರ್ಗ್ ಕಟ್ಟಿದ್ದನ್ನ್ ಮಾತ್ರ ತಕಂಡದ್.”

ಬೇಕಾದವರಿಗೆ ಒಂದೊಂದು ಸಿಗಲಿ ಎಂದೇ ನಾನು ಹೊರಗೆ ಕಟ್ಟಿದ್ದೆಂದು ಅವರು ಕೇರಿಗೆಲ್ಲ ಹೇಳಿದ್ದರಂತೆ. ಆ ವರ್ಷ ಕೇರಿಯಲ್ಲಿ ನನ್ನಷ್ಟು ಒಳ್ಳೆಯವನು ಇನ್ನೊಬ್ಬನಿರಲಿಲ್ಲ.

೩. ಮಳೆ

ಆಷಾಢದಲ್ಲಿ ಮರ ಉಬ್ಬಿತು. ಒಂದು ಮುಚ್ಚಳವೂ ಜಪ್ಪಯ್ಯ ಎಂದರೂ ಏಳಲಿಲ್ಲ. ಕೆಂಪಿನದನ್ನು ಬಿಟ್ಟು ಉಳಿದವನ್ನೆಲ್ಲ ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಒಣಗಿದವು, ಬೇಕಾದ್ದಕ್ಕಿಂತ ಹೆಚ್ಚೇ ಒಣಗಿದವು. ಒಂದು ಮಧ್ಯಾಹ್ನ ಬೆಕ್ಕು ಇಲಿಯ ಹಿಂದೆ ಹಾರಿತು. ಕರಡಿಗೆ ಉರುಳಿ, ಸಡಿಲಾದ ಮುಚ್ಚಳ ಬಿಟ್ಟುಕೊಂಡು, ಮೊಳೆಗಳೆಲ್ಲ ಕೆಳಗಿದ್ದ ಗಂಜಿಯ ಪಾತ್ರೆಗೆ ಬಿದ್ದವು.

ಹೆಂಡತಿ ಏನೂ ಕೂಗಾಡಲಿಲ್ಲ. ಬಡಿಸುವಾಗ ಸೌಟು ತಡೆದು ಕೇಳಿದಳು, “ಹ್ವಾಯ್, ನೆಂಚ್ಕಂಬುಕೆ ಉಪ್ಪಿನ್ಕಾಯಿ ಬೇಕಾ, ಮೊಳಿಯೇ ಸಾಕಾ?”

೪. ತೊಟ್ಟಿಲು

ಅದಾಗಿ ಮರುವರ್ಷ ಮಗಳನ್ನು ಬ್ರಹ್ಮಾವರಕ್ಕೆ ಕೊಟ್ಟೆವು. ಮದುವೆ ಗಡಿಬಿಡಿಯಲ್ಲಿ ಮನೆಗೆ ಸುಣ್ಣ ಹೊಡೆಸಿ, ನನ್ನ ಮಾಡಿನಡಿಯನ್ನೂ ಗುಡಿಸಿ ಖಾಲಿ ಮಾಡಿದ್ದರು. ಎರಡು ವರ್ಷದ ಮೇಲೆ ಅವಳು ಬಾಣಂತನಕ್ಕೆ ಬಂದಳು. ಹೆಣ್ಣುಮಗು. ನಾನು ತೊಟ್ಟಿಲು ಕಡೆದು ಮುಗಿಸಿ ಕೊಕ್ಕೆಗೆ ಕೈಹಾಕಿದರೆ, ಹನ್ನೆರಡರಲ್ಲಿ ಹನ್ನೊಂದೇ ಕರಡಿಗೆ. ಕೆಂಪಿನದು ಇಲ್ಲ.

ಅಟ್ಟ, ಭತ್ತದ ಪತ್ತಾಯ, ದನದ ಹಟ್ಟಿ, ಎಲ್ಲ ಜಾಲಾಡಿದೆ. ಹೆಂಡತಿಯನ್ನು ಕೇಳಿದರೆ, ನಿಮ್ಮ ಆ ಗುಜರಿಗೆ ನಾನು ಕಾಲೇ ಇಡುವುದಿಲ್ಲ ಎಂದಳು. ಅಂಗಡಿಯಲ್ಲಿ ಹಿತ್ತಾಳೆಯ ಸುದ್ದಿಯೇ ಇಲ್ಲ. ಹೆಸರಿಡುವ ದಿನ ಬಂದೇ ಬಂತು. ಹಲಸಿನ ಮರದ ನಾಲ್ಕು ಗೂಟ ಕಡೆದು ಹೊಡೆದು, ಹಗ್ಗ ಕಟ್ಟಿದೆ. ಇಷ್ಟು ವರ್ಷ ಕಾದು ಕೊನೆಗೆ ಗೂಟವಾಯಿತಲ್ಲ ಎಂಬ ಬೇಸರ. ಅದಕ್ಕಿಂತ ಹೆಚ್ಚಿನದು ಗೂಟ ಕಿತ್ತು ಬಂದೀತೆಂಬ ಹೆದರಿಕೆ. ಮಗುವನ್ನು ಮಲಗಿಸಿದ ಗಳಿಗೆಯಿಂದ ಒಂದು ಕೈ ಗೂಟದ ಮೇಲೆ, ಒಂದು ಕೈ ತೊಟ್ಟಿಲ ಅಡಿಗೆ ಇಟ್ಟು ಕಂಬದ ಹಾಗೆ ನಿಂತೆ.

ಆಗ ಅಳಿಯನ ತಾಯಿ ರೇಷ್ಮೆ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ನನ್ನ ಕೆಂಪು ಕರಡಿಗೆ, ಮೈತುಂಬ ಗಂಧ, ಮೇಲೊಂದು ತುಂಬೆ ಹೂವು.

ಮದುವೆಯಲ್ಲಿ ನನ್ನ ಹೆಂಡತಿಯೇ ಅದನ್ನು ಕುಂಕುಮ ಹಾಕಿಡಲೆಂದು ಅವರಿಗೆ ಕೊಟ್ಟಿದ್ದಳಂತೆ. ಮನೆಗೆ ಒಯ್ದು ನೋಡಿದರೆ ಮುಚ್ಚಳ ತೆರೆಯುವುದಿಲ್ಲ, ಅಲ್ಲಾಡಿಸಿದರೆ ಒಳಗೆ ಸದ್ದು. ಬೀಗರ ಮನೆಯ ದೇವರದ್ದೇ ಏನೋ ಇರಬೇಕು, ಒಡೆಯುವುದು ಬೇಡ ಎಂದು ದೇವರ ಕೋಣೆಯಲ್ಲಿಟ್ಟರಂತೆ. ಅಂದಿನಿಂದ ದಿನಾ ಹೂವು, ಆರತಿ, ಹಬ್ಬಕ್ಕೆ ಪಾಯಸ. ಈ ಮಗು ಹುಟ್ಟಿದ್ದೂ ಅದರ ಕೃಪೆಯಿಂದಲೇ ಎಂದು ಹೇಳಿ, ಕರಡಿಗೆಯನ್ನು ಮಗುವಿನ ತಲೆದಿಂಬಿನ ಹತ್ತಿರ ಇಟ್ಟರು. ಒಳಗೆ ನಾಲ್ಕೂ ಕೊಕ್ಕೆಗಳು ಲೊಟಲೊಟ ಎಂದವು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಮಾಡಿನ ಹಂಚು ಎಣಿಸುತ್ತಿದ್ದಳು.

“ಕೇಂಬ ಅಂದ್ಕಂಡೇ ಇದ್ದೆ. ಒಳ್ಗ್ ಎಂತ ಇತ್ತ್ ಮಾಸ್ಟ್ರೆ?” ಎಂದು ಬೀಗಿತ್ತಿ ಕೈಮುಗಿದುಕೊಂಡೇ ಕೇಳಿದರು.

“ತೊಟ್ಲಿಗೆ ಬೇಕಾದ್ದೇ ಇತ್ತ್” ಎಂದೆ, ಗೂಟದ ಮೇಲಿನ ಕೈ ತೆಗೆಯದೆ.