ಶನಿವಾರದ ಬಂಡುಕೋರರು

ಪರಧರ್ಮವನ್ನು ಗೌರವಿಸಬೇಕೆಂದು ನಂಬಿದವನು ನಾನು. ಆದರೂ, ಎಂದೋ ಯಾವುದೋ ಬೆಟ್ಟದ ಮೇಲೆ ತಮ್ಮ ಧರ್ಮಕ್ಕಾಗಿ ಕತ್ತಿ ಹಿಡಿದ ಯಹೂದಿ ಬಂಡುಕೋರರ ಮೇಲೆ ನನಗೆ ನ್ಯೂಜೆರ್ಸಿಯಲ್ಲಿ ಕೂತು ಸಿಟ್ಟು ಬಂದಿತ್ತು. ಅವರು ಗೆದ್ದರು, ಅವರ ಶನಿವಾರ ಉಳಿಯಿತು, ನನ್ನದು ಹೋಯಿತು.

ಜಗತ್ತಿನ ಕಂಪ್ಯೂಟರುಗಳೆಲ್ಲ ಎರಡು ಸಾವಿರದ ಇಸವಿಗೆ ಹೆದರಿ ನಡುಗುತ್ತಿದ್ದ ಕಾಲ. ಶನಿವಾರ ಪೇಜರ್ ಕಟ್ಟಿಕೊಂಡು, ಅದು ಕರೆದಾಗಲೆಲ್ಲ ಓಗೊಡುವವರು ಯಾರೆಂದು ಮ್ಯಾನೇಜರು ಮೀಟಿಂಗಿನಲ್ಲಿ ಕೇಳಿದರು. ಪಕ್ಕದ ಕ್ಯೂಬಿಕಲ್ಲಿನ ನೇಥನ್, "ಅವತ್ತು ನಮ್ಮ ಸಬ್ಬತ್, ಯಹೂದಿಗಳ ವಿರಾಮದ ದಿನ, ಬೆಂಕಿಕಡ್ಡಿ ಕೂಡ ಗೀರಲ್ಲ" ಎಂದ. ಮ್ಯಾನೇಜರು ಸುತ್ತ ನೋಡಿದರು. ಯಾರೂ ಒತ್ತಾಯಿಸದೆ, "ನಾನು ಇಟ್ಕೊಳ್ತೀನಿ" ಎಂದೆ. ಅಂದಿನಿಂದ ಆ ಯಂತ್ರ ನನ್ನ ಉಡಿದಾರವಾಯಿತು. ಐಸೆಲಿನ್ನಿನ ಇಂಡಿಯನ್ ಅಂಗಡಿಯಲ್ಲಿ ಬದನೆಕಾಯಿ ಆರಿಸುವಾಗ ಗುಯ್ ಎಂದಿತು. ಫ್ಲಶಿಂಗಿನ ದೇವಸ್ಥಾನದಲ್ಲಿ ಗಣಪತಿಯ ಎದುರೂ ಗುಯ್ ಎಂದಿತು. ಮಿಕ್ಕವರು ಮಂಗಳಾರತಿ ತಟ್ಟೆಗೆ ಹಾಕಿದ ಚಿಲ್ಲರೆಯನ್ನು ನಾನು ಆಫೀಸಿಗೆ ಓಗೊಡಲು ಬೀದಿಯ ಫೋನಿಗೆ ಹಾಕಿದೆ.

"ಅಲ್ಲಾ ರೀ, ಶನಿವಾರ ನಮಗೂ ವೆಂಕಟರಮಣನ ವಾರ ಅಲ್ವಾ? ಅತ್ತೆ ಒಪ್ಪೊತ್ತು ಮಾಡ್ತಿದ್ರು. ನೀವ್ಯಾಕೆ ಬಾಯಿಬಿಡ್ಲಿಲ್ಲ?" ಎಂದಳು ಹೆಂಡತಿ.

"ಅವರದ್ದು ಎಲ್ಲಾ ಗ್ರಂಥದಲ್ಲಿದೆ ಕಣೆ."

"ಹಾಗಾದ್ರೆ ಅದನ್ನೇ ಓದಿ, ಎಲ್ಲಾದ್ರೂ ಸಂದು ಇರುತ್ತೆ. ಬರೋ ಶನಿವಾರ ಸತ್ಯನಾರಾಯಣ ಪೂಜೆ. ಸಂಕಲ್ಪದ ಮಧ್ಯೆ ಅದು ಗುಯ್ ಅಂದ್ರೆ, ಪ್ರಸಾದದ ಜೊತೆ ಅದನ್ನೂ ಹಂಚಿಬಿಡ್ತೀನಿ!"

ಲೈಬ್ರರಿಯಿಂದ ಗ್ರಂಥ ತಂದೆ. ಸಂದು ಸಿಕ್ಕಿತು! ತಮ್ಮ ಧರ್ಮವನ್ನೇ ನಿಷೇಧಿಸಿದ ಪರದೇಶದ ರಾಜನ ವಿರುದ್ಧ ಯಹೂದಿಗಳು ಒಬ್ಬ ಮುದಿ ಮುಂದಾಳಿನ ಹಿಂದೆ ಎದ್ದ ಬಂಡಾಯದ ಮೊದಲಲ್ಲಿ ಕೆಲವರು, ಶನಿವಾರವೆಂದು ಒಂದು ಕಲ್ಲೂ ಎಸೆಯದೆ ಸತ್ತರಂತೆ. ಉಳಿದವರು ಯೋಚಿಸಿ, ಇನ್ನು ಶನಿವಾರವೂ ಕಾದಾಡುವುದೆಂದು ತೀರ್ಮಾನಿಸಿದರಂತೆ. ಈಟಿ ಹಿಡಿದು, ಆ ಮುದಿ ಮುಂದಾಳಿನ ಬಲಕ್ಕೆ ನಿಂತ ನನ್ನನ್ನು ಕಲ್ಪಿಸಿಕೊಂಡೆ. ಗಡ್ಡ ನನಗೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಸೋಮವಾರ ನೇಥನ್‌ನ ಮೇಲೆ ಅಸ್ತ್ರ ಬಿಟ್ಟೆ: "ನಿಮ್ಮ ವೀರರೇ ಶನಿವಾರ ಯುದ್ಧ ಮಾಡಿದಾರಲ್ಲಯ್ಯ!"

"ಮಾಡಿದ್ರು, ಶತ್ರು ಕೊಲ್ಲೋಕೆ ಬಂದಾಗ. ನಮ್ಮ ಪೇರೋಲ್ ಪ್ರೋಗ್ರಾಂ ಯಾರನ್ನ ಕೊಲ್ಲೋಕೆ ಬರುತ್ತೆ?"

"ನಮಗೂ ಅದು ದೇವರ ವಾರ" ಎಂದು ಗೊಣಗಿದೆ.

ಅವನು ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದ. "ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ? ನಿನ್ನ ಪರವಾಗಿ ನಾನೂ ಎದ್ದು ನಿಲ್ತಿದ್ದೆ. ಹೋಗು, ಈಗಲಾದರೂ ಹೇಳು."

ನನ್ನ ಗ್ರೀನ್ ಕಾರ್ಡ್ ಅರ್ಜಿಗೆ ಸಹಿ ಹಾಕಬೇಕಾದ ಮ್ಯಾನೇಜರ ಬಾಗಿಲಿಗೆ ಹೋದೆ. "ಶನಿವಾರ ಏನೂ ತೊಂದರೆ ಇಲ್ಲ ತಾನೆ?" ಎಂದು ಅವರೇ ಕೇಳಿದರು. "ಏನೂ ಇಲ್ಲ" ಎಂದು ಹೇಳಿ ಬಂದೆ. ಸತ್ಯನಾರಾಯಣ ಭಾನುವಾರಕ್ಕೆ ಹೋದ.

"ಅಷ್ಟು ದಪ್ಪ ಪುಸ್ತಕದಲ್ಲಿ ನಿಮ್ಮಂಥೋರು ಒಬ್ರೂ ಇರ್ಲಿಲ್ವಾ?" ಎಂದಳು ಹೆಂಡತಿ.

ರೋಷದಿಂದ ಮತ್ತೆ ಹುಡುಕಿದೆ. ಇದ್ದಾನೆ. ಪರದೇವರಿಗೆ ಬಲಿ ಕೊಡಿರೆಂದು ರಾಜನ ಅಧಿಕಾರಿ ಊರಿಗೆ ಬಂದಾಗ ಮುದಿ ಮುಂದಾಳು ಆಗದೆಂದ. ಅವನ ಮಾತು ಮುಗಿಯುವುದೇ ತಡ, ಗುಂಪಿನಿಂದ ಒಬ್ಬ ಆ ಬಲಿ ಕೊಡಲು ತಾನಾಗಿಯೇ ಮುಂದೆ ಬಂದ. ಮುದುಕನ ಕತ್ತಿ ಮೊದಲು ಬಿದ್ದದ್ದು, ಅಧಿಕಾರಿಗಿಂತ ಮುಂಚೆ, ಇವನ ಮೇಲೆ. ಗ್ರಂಥದಲ್ಲಿ ಅವನ ಹೆಸರನ್ನು ಕೂಡ ಬರೆದಿಲ್ಲ. ಪಾಪ, ಅವನ ಗ್ರೀನ್ ಕಾರ್ಡ್ ಅರ್ಜಿಯೂ ಆ ಅಧಿಕಾರಿಯ ಕೈಯಲ್ಲೇ ಇತ್ತೋ ಏನೋ.