ಮೂರು ಎಕ್ಕ ಹಿಡಿದವರ ನರಳಾಟ

ನನ್ನ ಸೋದರಮಾವ ಇಸ್ಪೀಟು ಹಿಡಿದು ಮೀಸೆ ತಿರುವಿ ನಕ್ಕರೆ ಅವರ ಕೈ ಖಾಲಿ ಎಂದು ತಿಳಿಯಬೇಕು. ‘ಶಿವಶಿವಾ, ಕೆಟ್ಟೆನಲ್ಲಪ್ಪಾ!’ ಎಂದು ನರಳಿದರೆ ಮಾತ್ರ ಹುಷಾರು! ಆ ನರಳಾಟಕ್ಕೆ ಕನಿಕರಪಟ್ಟವರು ಯಾರೂ ಉದ್ಧಾರವಾದದ್ದಿಲ್ಲ. ಉದ್ಧಾರವಾಗದವರ ಸಾಲಿನಲ್ಲಿ ಮೊದಲು ನಿಲ್ಲುವವನು ನಾನೇ. ಈಗ ಹಲ್ಲೆಲ್ಲ ಉದುರಿದ ಮೇಲೆ ಒಪ್ಪಿಕೊಳ್ಳಲು ನಾಚಿಕೆಯೇನು?

ಮಹಾರಾಜರ ಕಾಲದ ಮಾತು. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂದು ಹೆಸರು. ಅಲ್ಲಿಗೆ ಹತ್ತಿರದ ಕೂಟಗಲ್ಲಿನಲ್ಲಿ ಮಾವನ ಮನೆ. ಯುಗಾದಿಯ ದಿನ ನಮ್ಮ ಕಡೆ ಇಸ್ಪೀಟು ಆಡದವನನ್ನು ಗಂಡಸರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಬೇವುಬೆಲ್ಲ ಗಂಟಲಿಗೆ ಇಳಿಯುವ ಮೊದಲೇ ಜಗಲಿಯ ಮೇಲೆ ಜಮಖಾನೆ ಬೀಳುತ್ತಿತ್ತು. ಆಟ ಮೂರೆಲೆ. ಒಬ್ಬೊಬ್ಬರಿಗೆ ಮೂರು ಎಲೆ. ಕೈ ಸಾಲದೆನ್ನಿಸಿದವನು ಎಲೆ ಕೆಳಗಿಟ್ಟು ತೆಪ್ಪಗಾಗಬಹುದು, ಧೈರ್ಯವಿದ್ದವನು ಪಣ ಏರಿಸಬಹುದು. ಮೂರೂ ಎಕ್ಕ ಬಂದವನನ್ನು ಆ ಪರಮೇಶ್ವರನೂ ಮೀರಿಸಲಾರ. ಪಣವೇನು ಅಂತೀರಾ? ಹುಣಸೆ ಬೀಜ! ದೇವರ ಮನೆಯಿರುವ ಮನೆಯಲ್ಲಿ ಕಾಸಿನ ಜೂಜು ಕೂಡದೆಂದು ಅತ್ತೆಯ ಕಟ್ಟಪ್ಪಣೆ. ಜೊತೆಗೆ ಇನ್ನೊಂದು ಶಾಸನ: ಬೀಜವೆಲ್ಲ ಕಳೆದುಕೊಂಡವನು ಒಳಗೆ ಬಂದು ಒಬ್ಬಟ್ಟಿನ ಹೂರಣ ರುಬ್ಬಬೇಕು.

ಮಾವನಿಗೆ ಒಳ್ಳೆಯ ಎಲೆ ಬಿತ್ತೆಂದರೆ ನಾಟಕ ಶುರು. ನಿಟ್ಟುಸಿರು ಬಿಡುವರು. ಬೇಸಗೆಯ ಬೆಂಕಿಯಲ್ಲೂ ಮಂಡಿಯ ಮೇಲೆ ಕಂಬಳಿ ಎಳೆದುಕೊಳ್ಳುವರು. “ಏನ್ ದರಿದ್ರದ ಎಲೆ ಹಾಕ್ದಲಾ, ನಿನ್ ಕೈ ಸೇದೋಗ!” ಎಂದು ಎಲೆ ಹಂಚಿದವನಿಗೆ ಶಾಪ ಹಾಕುವರು. ನಾವೆಲ್ಲ ಅವರ ಕೈ ಹಗುರವೆಂದು ನಂಬಿ ಪಣ ಏರಿಸಲಿ ಎಂಬುದು ಹೂಟ. ಆದರೆ ಊರಿಗೆ ಊರೇ ಈ ಹೂಟವನ್ನು ಎಂದೋ ಕಲಿತುಬಿಟ್ಟಿತ್ತು! ಮಾವ ‘ಶಿವ…’ ಎನ್ನುವಷ್ಟರಲ್ಲಿ ಸುತ್ತ ಕುಳಿತವರು ಎಲೆ ಒಗೆದು ಬೀಡಿ ಹಚ್ಚುತ್ತಿದ್ದರು. ಮೂರು ಎಕ್ಕ ಹಿಡಿದು ಅಂಗೈಯಷ್ಟು ಬೀಜವನ್ನೂ ಗೆಲ್ಲಲಾರದ ವೀರ ನಮ್ಮ ಸೀಮೆಯಲ್ಲಿ ಅವರೊಬ್ಬರೇ.

ಹಾಗಾದರೆ ಸೋಲುತ್ತಿದ್ದವನು ಯಾರು? ಹೈಸ್ಕೂಲು ಓದಿದವನು ಯಾರೋ ಅವನು! ನನಗೆ ವಿದ್ಯೆಯ ಬಲವಿತ್ತಲ್ಲ, ನಾನು ತರ್ಕ ಮಾಡುತ್ತಿದ್ದೆ: ‘ನರಳಿದರೆ ಎಲ್ಲರೂ ಎಲೆ ಇಡುತ್ತಾರೆಂದು ಮಾವನಿಗೆ ಗೊತ್ತು. ಆದ್ದರಿಂದ ಈ ಸಲ ನಿಜವಾಗಿಯೂ ಕೈ ಕೆಟ್ಟಿರಬೇಕು, ನಮ್ಮನ್ನು ಹೆದರಿಸುತ್ತಿದ್ದಾರೆ.’ ಪಣ ಏರಿಸುತ್ತಿದ್ದೆ. ಅವರು ಎಕ್ಕಗಳನ್ನು ಒಂದೊಂದಾಗಿ ಹಾಸುತ್ತಿದ್ದರು. “ಒಸಿ ಜಾಸ್ತಿ ಓದ್ಬುಟ್ಟೆ ಕಣ್ಲಾ. ಓಗು, ಒರಳು ಕಾಯ್ತಾ ಐತೆ!”

ಒರಳಿನ ಬಳಿ ಬೇಳೆ ಒತ್ತಿಕೊಡಲು ಅವರ ಮಗಳು ಕುಳಿತಿರುತ್ತಿದ್ದಳು. ಗುಂಡುಕಲ್ಲು ತಿರುಗಿಸುವವನು ನಾನು. “ಈ ವರ್ಸವೂ ಬಂದ್ರಾ?” ಎಂದು ತಲೆಯೆತ್ತದೆ ಕೇಳುವಳು. ಅವಳನ್ನೇ ಮದುವೆಯಾಗಬೇಕೆಂಬುದು ನನ್ನ ಪ್ರಾಣದ ಆಸೆ. ಸೋದರಮಾವನ ಮಗಳು, ಹಕ್ಕಿನ ಹೆಣ್ಣು. ಆದರೆ ಮಾವ ಕೊಡಬೇಕಲ್ಲ!

ಈ ನರಳಾಟ ಜಮಖಾನೆಯ ಮೇಲೆಯೇ ನಿಂತಿದ್ದರೆ ಚಿಂತೆಯಿರಲಿಲ್ಲ. ಒಮ್ಮೆ ರೇಷ್ಮೆಗೂಡು ಬಂಗಾರದಂತೆ ಬಂದಿತ್ತು. ಚನ್ನಪಟ್ಟಣದ ವ್ಯಾಪಾರಿ ಗಾಡಿ ಕಟ್ಟಿಕೊಂಡು ಬಂದ. ಮಾವ ಮಂಡಿಗೆ ಕಂಬಳಿ ಎಳೆದುಕೊಂಡು, “ಅಯ್ಯೋ, ಇದೂ ಒಂದ್ ಗೂಡಾ ಸಾಮಿ? ದನವೂ ಮೂಸಾಕಿಲ್ಲ” ಎಂದರು. ಪಾಪ, ಹೊಸಬ, ನಂಬಿ ಗಾಡಿ ತಿರುಗಿಸಿದ! ಮಾವ ಕೆರೆ ಏರಿಯವರೆಗೂ ಓಡಿದರು: “ನಿಲ್ಲಪ್ಪೋ, ನಿಲ್ಲು! ನಾನ್ ಹಂಗಂದ್ರೆ ಚೆನ್ನಾಗೈತೆ ಅಂತ!”

ಮಗಳನ್ನು ನೋಡಲು ಮಾಗಡಿ ಕಡೆಯ ಕಲ್ಯದಿಂದ ಗಂಡಿನವರು ಬಂದಾಗಲೂ ಅದೇ ಕಥೆ. ನಾನು ಅಟ್ಟದ ಮೆಟ್ಟಿಲಲ್ಲಿ ಉಸಿರು ಹಿಡಿದು ಕುಳಿತಿದ್ದೆ. “ನಮ್ ಮಗಳಾ? ಶಿವಶಿವಾ! ಅವಳ್ ಮಾಡಿದ್ ಮುದ್ದೇಲಿ ಗೋಡೆ ಕಟ್ಬೋದು” ಎಂದರು ಮಾವ. ಗಂಡಿನವರು ತಿಂಡಿಯನ್ನೂ ಮುಟ್ಟದೆ ಎದ್ದರು. ಅತ್ತೆ ಆ ದಿನವೆಲ್ಲ ಗಂಡನಿಗೆ ಬಡಿಸಲಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ ಮಾವನ ಕಾಲಿಗೆ ಅಡ್ಡಬಿದ್ದೆ.

ಆ ಯುಗಾದಿಗೆ ನನ್ನ ತಾಯಿ ಎಲ್ಲರೆದುರಿಗೇ ಕೇಳಿದಳು: “ಲೋ ತಮ್ಮಾ, ನನ್ ಮಗನಿಗೆ ನಿನ್ ಮಗಳನ್ನ ಕೊಡ್ತೀಯೇನೋ?”

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಿಟ್ಟುಸಿರು ಬಿಟ್ಟರು. ಕಂಬಳಿ ಎಳೆದುಕೊಂಡರು. “ಶಿವಶಿವಾ, ಇವ್ನಿಗಾ ಅಕ್ಕಾ? ಹೈಸ್ಕೂಲು ಓದಿ ಹುಣಸೆ ಬೀಜ ಉಳಿಸ್ಕಳಕೆ ಆಗ್ದಿರೋ ದಂಡಪಿಂಡಕ್ಕಾ? ಕೆಟ್ಟೆ ಕಣಕ್ಕಾ ನಾನು!”

ಜಗಲಿಯ ತುಂಬ ನಗೆ. ನನ್ನ ಕಿವಿ ಕಾದವು. ಅಷ್ಟು ವರ್ಷ ಆ ನರಳಾಟದ ಮೇಲೆ ಪಾಂಡಿತ್ಯ ಗಳಿಸಿದ್ದ ನಾನು ಆಗ ಏನು ಮಾಡಿದೆ? ಒಂದೊಂದು ಮಾತನ್ನೂ ಅಕ್ಷರಶಃ ನಂಬಿದೆ! ‘ನಿಮ್ಮ ಮಗಳೂ ಬೇಡ, ನಿಮ್ಮ ಹೂರಣವೂ ಬೇಡ’ ಎಂದು ಕೂಗಿ ಚೀಲ ಹೆಗಲಿಗೇರಿಸಿದೆ. ಒಳಗೆ ಒರಳು ನಿಂತದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಕನಕಪುರದ ಒಂದು ಶಾಲೆಯಲ್ಲಿ ಮೇಷ್ಟರಾದೆ. ಅಪೂರ್ವ ಬುದ್ಧಿವಂತನಲ್ಲವೇ, ಮಕ್ಕಳಿಗೆ ತರ್ಕ ಹೇಳಿಕೊಟ್ಟೆ! ವರ್ಷ ಉರುಳಿತು. ಮತ್ತೆ ಯುಗಾದಿ ಬಂತು. ಹಬ್ಬಕ್ಕೆ ಎಲ್ಲಿಗೂ ಹೋಗುವುದಿಲ್ಲ ಎಂದು ಹಟ ಹಿಡಿದು ಕುಳಿತಿದ್ದೆ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಾಗಿಲಲ್ಲಿ ಗಾಡಿ ನಿಂತಿತು. ಇಳಿದವರು ಮಾವ. ಕಂಬಳಿಯಿರಲಿಲ್ಲ. ಕುಶಲ ಕೇಳಲಿಲ್ಲ. ನನ್ನ ಜಗಲಿಯ ಮೇಲೆ ಕುಳಿತು, ಸೊಂಟದಿಂದ ಇಸ್ಪೀಟಿನ ಕಟ್ಟು ತೆಗೆದು, ನನಗೆ ಮೂರು, ತಮಗೆ ಮೂರು ಎಲೆ ಹಾಕಿದರು.

ನಾನು ಅವರ ಮುಖವನ್ನೇ ನೋಡಿದೆ. ಅವರು ನರಳಲಿಲ್ಲ. ಮೀಸೆಯನ್ನೂ ಮುಟ್ಟಲಿಲ್ಲ. ಪಣವಿಲ್ಲದೆ, ಯಾರೂ ಕೇಳದೆ, ಮೂರೂ ಎಲೆಗಳನ್ನು ನನ್ನ ಮುಂದೆ ಅಂಗಾತ ಇಟ್ಟರು. ಎರಡು, ಐದು, ಒಂಬತ್ತು. ಒಂದಕ್ಕೊಂದು ಸಂಬಂಧವಿಲ್ಲದ ಎಲೆಗಳು.

“ನನ್ ಕೈಲಿ ಏನೂ ಇಲ್ಲ ಕಣ್ಲಾ” ಎಂದರು. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. “ಬಂದ ಗಂಡುಗಳನ್ನೆಲ್ಲಾ ಓಡಿಸ್ಬುಟ್ಟೆ. ನೀನೂ ಓಡ್ಬುಟ್ಟೆ. ಒರಳು ತಿರುಗ್ಸೋರಿಲ್ಲ. ಮಗ್ಳು ಒಬ್ಳೇ ಕೂತವ್ಳೆ.”

ಪ್ರತಿ ಯುಗಾದಿಯೂ ನನ್ನನ್ನೇ ಸೋಲಿಸಿ ಒಳಗೆ ಅವಳ ಬಳಿಗೆ ಅಟ್ಟುತ್ತಿದ್ದದ್ದು ಏತಕ್ಕೆಂದು ಆಗ ಹೊಳೆಯಿತು. ಕಣ್ಣು ಮಂಜಾಯಿತು. ನನ್ನ ಎಲೆಗಳಲ್ಲಿ ಏನಿತ್ತೋ ಕಾಣಲೇ ಇಲ್ಲ. ಅವನ್ನು ಎದೆಗೆ ಅವುಚಿಕೊಂಡೆ. ಉದ್ದನೆಯ ನಿಟ್ಟುಸಿರು ಬಿಟ್ಟೆ. ಹೆಗಲ ಮೇಲಿನ ಟವೆಲನ್ನು ಮಂಡಿಯ ಮೇಲೆ ಎಳೆದುಕೊಂಡು ನರಳಿದೆ:

“ಶಿವಶಿವಾ! ಏನ್ ದರಿದ್ರದ ಎಲೆ ಹಾಕಿದಿರಿ ಮಾವಾ! ಕೆಟ್ಟೆನಲ್ಲಪ್ಪಾ ನಾನು!”

ಮಾವ ಒರಟು ಕೈಯಿಂದ ಕಣ್ಣೊರೆಸಿಕೊಂಡು, ಗಾಡಿಯವನಿಗೆ ಎತ್ತು ಬಿಚ್ಚಬೇಡ ಎಂದು ಕೂಗಿದರು.